ಲಂಗರಿನ ಹಗ್ಗ

ನದಿ ಕಡಲನ್ನು ಸೇರುವಲ್ಲಿ ಭಾರ್ಗವಸ್ವಾಮಿಗಳ ಆಶ್ರಮ. ಅದರ ಮುಂದಿನ ತೆಳುನೀರಿನಲ್ಲಿ, ಮರಳಿಗೆ ಬೇರುಬಿಟ್ಟು, ಕಡಲಹುಲ್ಲು ಬೆಳೆದಿತ್ತು.

ಹುಲ್ಲಿನ ಮರೆಯಲ್ಲಿ ಸೀಗಡಿಯ ಮರಿಗಳು ದೊಡ್ಡವಾಗುತ್ತಿದ್ದವು. ಆ ಸೀಗಡಿಯಿಂದ ಮಂಕಾಳಿ ಎಂಬ ಮುದುಕಿಯ ಒಲೆ ಉರಿಯುತ್ತಿತ್ತು.

ಆಶ್ರಮಕ್ಕೆ ಒಂದು ನಿಯಮವಿತ್ತು. ಬೇರೆ ಬಂದರಿಗೆ ಹೋಗಿಬಂದ ದೋಣಿಯ ಲಂಗರನ್ನೂ ಹಗ್ಗವನ್ನೂ ದಡದಲ್ಲಿ ಸಿಹಿನೀರಿನಿಂದ ತೊಳೆಯಬೇಕು. ಬಿಸಿಲಿನಲ್ಲಿ ಒಣಗಿದ ಮೇಲೆಯೇ ಇಲ್ಲಿಯ ನೀರಿಗೆ ಇಳಿಸಬೇಕು.

ಶಿಷ್ಯ ವಾಮನ ಅಕ್ಕಿ ತರಲು ದೊಡ್ಡ ಬಂದರಿಗೆ ಹೋಗಿದ್ದ. ಮರಳಿದಾಗ ಪೂಜೆಗೆ ಹೊತ್ತಾಗಿತ್ತು. ಹಗ್ಗಕ್ಕೆ ಗರಿಯಂಥ ಹಸಿರು ಪಾಚಿ ಸುತ್ತಿಕೊಂಡಿತ್ತು. ಚೆಂದವಾಗಿದೆ ಎಂದುಕೊಂಡು, ಲಂಗರನ್ನು ಹಾಗೆಯೇ ನೀರಿಗೆ ಬಿಟ್ಟ.

ಚಳಿಗಾಲ ಕಳೆಯಿತು.

“ಗುರುಗಳೇ, ಬಂದು ನೋಡಿ,” ಎಂದ ವಾಮನ. “ನಮ್ಮ ಹುಲ್ಲು ಹಿಂದೆಂದೂ ಇಷ್ಟು ಹಸಿರಾಗಿರಲಿಲ್ಲ.”

ಗುರುಗಳು ಮೊಣಕಾಲುದ್ದ ನೀರಿಗೆ ಇಳಿದರು.

“ಇದರ ಬೇರು ತೋರಿಸು.”

ವಾಮನ ಬಗ್ಗಿ ಹುಡುಕಿದ. “ಬೇರೇ ಇಲ್ಲ. ಮರಳನ್ನು ಬರಿದೇ ಹಿಡಿದುಕೊಂಡಿದೆ.”

“ಹುಲ್ಲು ಎಲ್ಲಿ?”

ವಾಮನ ಪಾಚಿಯನ್ನು ಸರಿಸಿದ. ಹುಲ್ಲು ಅಡಿಯಲ್ಲಿತ್ತು. ಬಿಸಿಲು ಕಾಣದೆ ಕಂದಿತ್ತು.

ಅಷ್ಟರಲ್ಲಿ ಮಂಕಾಳಿ ಬರಿಬುಟ್ಟಿ ಹಿಡಿದು ಬಂದಳು.

“ಏನು ಸಣ್ಣ ಸ್ವಾಮಿ, ಕಡಲಿಗೆ ಹೊಸ ಸೀರೆ ಉಡಿಸಿದ್ದೀರಂತೆ. ಬಲೆ ಎಳೆದರೆ ಪಾಚಿ. ಮತ್ತೆ ಎಳೆದರೆ ಮತ್ತೆ ಪಾಚಿ. ಇನ್ನು ಅದರದೇ ಸಾರು ಮಾಡುತ್ತೇನೆ, ಊಟಕ್ಕೆ ಬನ್ನಿ.”

ವಾಮನ ಹಗ್ಗದ ಸಂಗತಿ ಹೇಳಿದ.

ಮರುದಿನ ಅವನು ಕುಡುಗೋಲು ಹಿಡಿದು ನೀರಿಗೆ ಇಳಿದ. ಸಂಜೆಯವರೆಗೆ ಪಾಚಿ ಕೊಯ್ದ. ಇಳಿತದ ನೀರು ತುಂಡುಗಳನ್ನು ಒಯ್ದಿತು.

ಮುಂದಿನ ಅಮಾವಾಸ್ಯೆಯ ಹೊತ್ತಿಗೆ, ಪಾಚಿಯೇ ಇಲ್ಲದಿದ್ದ ಕಡೆಯಲ್ಲೂ ಪಾಚಿ ಎದ್ದಿತ್ತು.

“ಕೊಯ್ದಷ್ಟೂ ಹೆಚ್ಚಾಗಿದೆ. ಯಾಕೆ, ಗುರುಗಳೇ?”

“ಕೊಯ್ದ ತುಂಡುಗಳು ಎಲ್ಲಿ?”

“ನೀರಿನಲ್ಲಿ ಹೋದವು.”

“ನಿನ್ನ ಹಗ್ಗದಲ್ಲಿ ಬಂದದ್ದೂ ಒಂದು ತುಂಡೇ.”

ಗುರುಗಳು ಅಡುಗೆಮನೆಯಿಂದ ಅಕ್ಕಿಯ ಖಾಲಿ ಗೋಣಿಗಳನ್ನು ತಂದರು. ಒಂದನ್ನು ಪಾಚಿಯ ಮೇಲೆ ಹರಡಿ, ಅಂಚಿಗೆ ಕಲ್ಲು ಹೇರಿದರು.

“ಕತ್ತಲಲ್ಲಿ ಅದು ಬೆಳೆಯುವುದಿಲ್ಲವೇ?” ಎಂದ ವಾಮನ.

“ದಿನದ ಬಿಸಿಲನ್ನು ದಿನವೇ ಉಂಡು ಮುಗಿಸುವ ಜೀವ ಅದು. ಎಷ್ಟು ಕಾಲ ತಾಳೀತು?”

“ಗೋಣಿಯ ಅಡಿಯಲ್ಲಿ ಹುಲ್ಲೂ ಇದೆಯಲ್ಲ?”

“ಇದೆ. ಅದನ್ನು ನೋಡುತ್ತಲೇ ಮುಚ್ಚು.”

ವಾಮನನ ಕೈ ನಿಂತಿತು. ಆಮೇಲೆ ಎರಡನೆಯ ಗೋಣಿ ಹರಡಿದ.

ಮಂಕಾಳಿ ಕಲ್ಲು ಎತ್ತಿಕೊಟ್ಟಳು. “ಮೆಲ್ಲಗೆ ಇಡಿ ಸ್ವಾಮಿ. ಅದು ನನ್ನ ಅಡುಗೆಮನೆ.”

ಆ ವರ್ಷ ಅವಳು ಆಶ್ರಮದಲ್ಲೇ ಉಂಡಳು. ಉಪ್ಪು ಕಡಿಮೆ ಎಂದು ದಿನವೂ ಹೇಳಿದಳು.

ಮರುವರ್ಷ ಗೋಣಿ ಎತ್ತಿದರು. ಪಾಚಿ ಇರಲಿಲ್ಲ. ಹುಲ್ಲೂ ಇರಲಿಲ್ಲ. ಬರೀ ಮರಳು.

ಒಂದು ಅಂಚಿನಲ್ಲಿ ಮಾತ್ರ ಹುಲ್ಲಿನ ಸಣ್ಣ ಎಲೆಯೊಂದು ಮೇಲೆ ಬಂದಿತ್ತು. ಅದಕ್ಕೆ ಒರಗಿಕೊಂಡು ಅಕ್ಕಿಕಾಳಿನಷ್ಟು ಒಂದು ಸೀಗಡಿಮರಿ.

ಮಂಕಾಳಿ ಬಹಳ ಹೊತ್ತು ಬಗ್ಗಿ ನೋಡಿದಳು. “ಇದೊಂದಕ್ಕೆ ಬಲೆ ಬೇಡ,” ಎಂದು ಬುಟ್ಟಿಯನ್ನು ಸೊಂಟಕ್ಕೆ ಇಟ್ಟುಕೊಂಡು ನಡೆದಳು.

ವಾಮನ ತಲೆಯೆತ್ತಿದ. ಗೋಣಿ ಎತ್ತಿದ ಜಾಗದ ಆಚೆ, ಕಣ್ಣು ಹಾಯುವಷ್ಟು ದೂರ, ಗರಿಯಂಥ ಹಸಿರು ಪಾಚಿ ಅಲೆಯೊಂದಿಗೆ ತೂಗುತ್ತಿತ್ತು.

“ಗುರುಗಳೇ, ಇಲ್ಲೆಲ್ಲ ಮತ್ತೆ ಹುಲ್ಲು ಬೆಳೆಯುವುದನ್ನು ನಾನು ಕಾಣುತ್ತೇನೆಯೇ?”

ಅವನು ಅಂದು ಬೆಳಿಗ್ಗೆಯಷ್ಟೇ ಅಕ್ಕಿ ತಂದಿದ್ದ. ದೋಣಿ ದಡದ ಮೇಲಿತ್ತು. ಗುರುಗಳು ಅತ್ತ ನೋಡಿದರು.

“ಹಗ್ಗ ಒಣಗಿದೆಯೇ, ಮುಟ್ಟಿ ನೋಡಿ ಬಾ.”