ಎರಡು ಫೋನಿನ ಗದಿಗೆಪ್ಪ

ಮೊದಲಿಗೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ಕಥೆ ಬರೆದು ರೂಢಿಯಿಲ್ಲ. ಇದನ್ನು ನನಗೆ ಹೇಳಿದವರು ನಾಲ್ಕೇ ಮಾತಿನಲ್ಲಿ ಹೇಳಿ ಮುಗಿಸಿದರು. ನಾನು ಹೇಳಹೊರಟರೆ ಅದು ಉದ್ದವಾಗುತ್ತದೆ, ನಡುನಡುವೆ ವಿವರಣೆ ಬಂದು ಸೇರಿಕೊಳ್ಳುತ್ತದೆ. ಸಹಿಸಿಕೊಳ್ಳಬೇಕು.

ಮಲಪ್ರಭೆಯ ದಂಡೆಯಲ್ಲಿ ಒಂದು ಸಣ್ಣ ಆಶ್ರಮ. ಗುರುಗಳ ಹೆಸರು ನಿರುಪಾದಿ. ಆ ಕಡೆ ಹಿರಿಯ ಗುರುಗಳನ್ನು ಅಜ್ಜಾರು ಎನ್ನುವುದು ವಾಡಿಕೆ. ಹಾಗಾಗಿ ಎಲ್ಲರಿಗೂ ಅವರು ಅಜ್ಜಾರು.

ಶಿಷ್ಯನ ಹೆಸರು ಗದಿಗೆಪ್ಪ. ಐವತ್ತು ದಾಟಿದವನು. ಹೆಂಡತಿ ತೀರಿಕೊಂಡ ವರ್ಷವೇ ಹುಬ್ಬಳ್ಳಿಯ ನೌಕರಿ ಬಿಟ್ಟು ಇಲ್ಲಿಗೆ ಬಂದವನು.

ಒಂದು ಮುಂಜಾನೆ ಅವನು ಅಜ್ಜಾರ ಎದುರು ಕೂತು, ತನ್ನ ಫೋನನ್ನು ನೆಲದ ಮೇಲಿಟ್ಟ.

“ಅಜ್ಜಾರ, ಇದನ್ನ ಬಿಡಬೇಕಂತ ಮಾಡೀನ್ರಿ.”

“ಬಿಡು.”

“ಪೂರಾ ಬಿಡೂದಲ್ರಿ. ಇದರ ಬದಲಿ ಬ್ಯಾರೆ ನಮೂನಿದು ತಗೋತೀನಿ. ಇದರಾಗ ನನ್ನ ನೋಡೂ ಕಣ್ಣು ಭಾಳ ಅದಾವ. ನಾ ಎಲ್ಲಿ ಹೋದೆ, ಏನ ಹುಡುಕಿದೆ, ಎಲ್ಲಾ ಯಾರೋ ಬರಕೊಳ್ಳಾಕತ್ತಾರ. ಮೊಣಕಾಲ ನೋವಿಗೆ ಯಾವ ಎಣ್ಣಿ ಛಲೋ ಅಂತ ಒಮ್ಮೆ ಹುಡುಕಿದ್ದೆ. ಅವತ್ತಿನಿಂದ ಎಲ್ಲಿ ಮುಟ್ಟಿದರೂ ಮೊಣಕಾಲ ಪಟ್ಟಿ, ಮೊಣಕಾಲ ಮುಲಾಮು, ಮೊಣಕಾಲ ಡಾಕ್ಟರು.”

ಅಜ್ಜಾರು ತಮ್ಮ ಕಾಲು ನೀವಿಕೊಂಡರು.

“ಪುಣ್ಯವಂತ ಅದೀ ನೀ. ನನ್ನ ಮೊಣಕಾಲು ಎಷ್ಟೋ ವರ್ಷದಿಂದ ನೋಯಾಕತ್ತೈತಿ. ಒಬ್ಬ ಮಗನೂ ಕೇಳಿಲ್ಲ.”

“ನಗಬ್ಯಾಡ್ರಿ. ಎಲ್ಲಾ ಬಿಟ್ಟು ಬಂದಾಂವ ನಾ. ನನ್ನ ಯಾರೂ ನೋಡಬಾರದು.”

“ಯಾರೂ?”

“ಯಾರೂ.”

“ಹಂಗಾದ್ರ ಮಾಡು,” ಎಂದರು ಅಜ್ಜಾರು.

ಆಶ್ರಮದಲ್ಲಿ ಕಸ್ತೂರಿ ಎಂಬ ಶಿಷ್ಯೆ ಇದ್ದಳು. ಹಿಂದೆ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದವಳು. ಅವಳೇ ಆ ಕೆಲಸಕ್ಕೆ ಹೊಂದುವ ಒಂದು ಫೋನು ತರಿಸಿ, ಅದರೊಳಗಿದ್ದ ಆಪರೇಟಿಂಗ್ ಸಿಸ್ಟಮ್ ತೆಗೆದು ಬೇರೆಯದನ್ನು ಹಾಕಿದಳು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಫೋನೆಂದರೆ ಬರೀ ಗಾಜು ಮತ್ತು ತಗಡು. ಅದಕ್ಕೆ ನೋಡುವುದು, ಕೇಳುವುದು, ನೆನಪಿಡುವುದು ಬರುವುದು ಒಳಗಿನ ಆ ಸಿಸ್ಟಮ್‌ನಿಂದ. ಅಂಗಡಿಯಿಂದ ಬರುವಾಗಲೇ ಕಂಪನಿಯವರು ತಮ್ಮದೊಂದನ್ನು ತುಂಬಿಸಿರುತ್ತಾರೆ. ಅದನ್ನು ತೆಗೆದು ಬೇರೆಯದನ್ನು ಇಡಬಹುದು. ಮನೆ ಅದೇ ಇರುತ್ತದೆ, ಒಳಗಿನ ಒಕ್ಕಲು ಬದಲಾಗುತ್ತದೆ. ಹೊಸ ಒಕ್ಕಲು ಹೊರಗಿನವರಿಗೆ ಸುದ್ದಿ ಕೊಡುವುದಿಲ್ಲ.

ಗದಿಗೆಪ್ಪ ಹೊಸ ಫೋನು ಹಿಡಿದು ಓಡೋಡಿ ಬಂದ.

“ನೋಡ್ರಿ ಅಜ್ಜಾರ. ಇದು ಕೇಳದ ಏನೂ ಮಾಡೂದಿಲ್ಲ. ಯಾವುದೋ ಒಂದು ಆ್ಯಪ್ ಕ್ಯಾಮೆರಾ ಮುಟ್ಟಬೇಕಂದ್ರ, ‘ಬಿಡಲೇನು?’ ಅಂತ ನನ್ನ ಕೇಳತೈತಿ. ನಾ ಎಲ್ಲಿದೀನಿ ಅಂತ ತಿಳಕೋಬೇಕಂದ್ರ, ಅದಕ್ಕೂ ಕೇಳತೈತಿ. ನಾ ಒಲ್ಲೆ ಅಂದ್ರ ಮುಗೀತು.”

ಅಜ್ಜಾರು ಫೋನಿನ ಬೆನ್ನು ತಟ್ಟಿದರು. “ಶಾಣ್ಯಾ ಐತಿ. ನಮ್ಮ ಆಶ್ರಮದಾಗ ಇಷ್ಟು ಶಾಣ್ಯಾ ಯಾರೂ ಇಲ್ಲ.”

ಇನ್ನು ಉಳಿದದ್ದು ಒಂದೇ ಕೆಲಸ. ಹಳೆಯ ಫೋನಿನಲ್ಲಿ ಕಂಪನಿಯವರ ಬಳಿ ಇದ್ದ ಅವನ ಖಾತೆಯನ್ನು ಮುಚ್ಚಬೇಕು, ಸಿಮ್ ತೆಗೆದು ಹೊಸದಕ್ಕೆ ಹಾಕಬೇಕು.

ಆ ಕೆಲಸ ಮಾತ್ರ ಆಗಲಿಲ್ಲ.

ಕಸ್ತೂರಿ ಕೇಳಿದಾಗಲೆಲ್ಲ ಗದಿಗೆಪ್ಪನಿಗೆ ಒಂದು ನೆಪ. ಇವತ್ತು ಅಮಾವಾಸ್ಯೆ. ಇವತ್ತು ಚಾರ್ಜಿಲ್ಲ. ಇವತ್ತು ಹಳೇ ಫೋಟೋ ತೆಗೆದಿಟ್ಟುಕೊಳ್ಳಬೇಕು. ಅಂಗಿಯ ಎಡಗಿಸೆಯಲ್ಲಿ ಹೊಸ ಫೋನು, ಬಲಗಿಸೆಯಲ್ಲಿ ಹಳೆಯದು, ಹಾಗೇ ತಿರುಗಾಡುತ್ತಿದ್ದ.

“ಏನೋ ಫೌಜದಾರ,” ಎಂದರು ಅಜ್ಜಾರು, “ಎರಡೆರಡು ಪಿಸ್ತೂಲು ಕಟಗೊಂಡು ಯಾರನ್ನ ಹಿಡಿಯಾಕ ಹೊಂಟೀ?”

ಗದಿಗೆಪ್ಪ ನಗಲಿಲ್ಲ.

ಒಂದು ಸಂಜೆ ಅಜ್ಜಾರು ನದಿಗೆ ಹೋದಾಗ ಗದಿಗೆಪ್ಪ ಮೆಟ್ಟಿಲ ಮೇಲೆ ಕೂತಿದ್ದ. ಕೈಯಲ್ಲಿ ಹಳೆಯ ಫೋನು. ಅಜ್ಜಾರು ಪಕ್ಕದಲ್ಲಿ ಬಂದು ಕೂತದ್ದೂ ಅವನಿಗೆ ತಿಳಿಯಲಿಲ್ಲ.

ಪರದೆಯ ಮೇಲೆ ಒಂದು ನಕಾಶೆ. ನಕಾಶೆಯ ಮೇಲೆ ಒಂದು ಸಣ್ಣ ಚುಕ್ಕೆ. ಗದಿಗೆಪ್ಪ ಅದರ ಮೇಲೆ ಹೆಬ್ಬೆರಳಿಟ್ಟ. ಚುಕ್ಕೆ ಬೆರಳಿನಡಿ ಮರೆಯಾಯಿತು. ಬೆರಳು ತೆಗೆದ. ಮತ್ತೆ ಕಂಡಿತು.

“ಯಾರದು?” ಎಂದರು ಅಜ್ಜಾರು.

ಅವನು ಬೆಚ್ಚಿಬಿದ್ದ. ಮುಚ್ಚಿಡಲು ಹೋಗಿ, ಮತ್ತೆ ತಾನೇ ಫೋನನ್ನು ಅವರ ಮುಂದೆ ಹಿಡಿದ.

“ನನ್ನ ಮಗಳ್ರಿ. ಶಾಲ್ಮಲಾ. ಬೀದರದಾಗ ದನದ ಡಾಕ್ಟರ್ ಅದಾಳ.”

ಅವನ ಹೆಂಡತಿ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದಾಗ ಔಷಧಿಗೆಂದು ಶಾಲ್ಮಲಾ ಊರೆಲ್ಲ ಓಡಾಡುತ್ತಿದ್ದಳು. ರಾತ್ರಿ ಎಲ್ಲಿದ್ದಾಳೋ ಎಂದು ತಾಯಿಗೆ ಆತಂಕ. ಆಗ ಶಾಲ್ಮಲಾ, ತಾನಿರುವ ಜಾಗ ಅಪ್ಪನ ಫೋನಿನಲ್ಲಿ ಕಾಣುವಂತೆ ಮಾಡಿಕೊಟ್ಟಿದ್ದಳು. ತಾಯಿ ಹೋದರು. ಚುಕ್ಕೆ ಉಳಿದುಬಿಟ್ಟಿತು.

“ಈಗ ದವಾಖಾನಿಯಿಂದ ಹೊರಗ ಬಂದ್ಳ್ರಿ,” ಎಂದ ಗದಿಗೆಪ್ಪ. “ಸೀದಾ ಮನಿಗೆ ಹೋಗತಾಳ. ರವಿವಾರ ಆದ್ರ ಹಳೇ ಕೋಟೆ ಕಡೆ ಹೋಗಿ ಭಾಳ ಹೊತ್ತು ಕೂಡತಾಳ.”

“ಯಾರ ಕೂಡ?”

“ಗೊತ್ತಿಲ್ರಿ. ಚುಕ್ಕಿ ಒಂದ ಕಾಣತೈತಿ.”

“ಉಂಡಾಳೇನು?”

“ಗೊತ್ತಿಲ್ರಿ.”

“ನಗತಾಳೇನು ಈಗೀಗ?”

ಗದಿಗೆಪ್ಪ ನೀರಿನ ಕಡೆ ಮುಖ ತಿರುಗಿಸಿದ.

“ಮಾತಾಡಿ ಎರಡು ವರ್ಷದ ಮ್ಯಾಲಾತ್ರಿ. ಆಕಿ ಅವ್ವ ಹೋದ ದುಃಖದಾಗ ಆಕಿನ್ನ ಒಬ್ಬಾಕಿನ್ನ ಬಿಟ್ಟು ನಾ ಇಲ್ಲಿಗೆ ಬಂದೆ. ಬಂದಾಂವ ಮೌನ ಹಿಡದೆ. ನೀವು ಬ್ಯಾಡ ಅಂದಿದ್ರಿ, ನಾನ ಹಟ ಮಾಡಿದೆ. ಆವಾಗ ಆಕಿ ದಿನಾ ಫೋನ್ ಹಚ್ಚತಿದ್ದಳು. ಬಡಕೋತಿತ್ತು, ನೋಡಕೋತ ಕುಂದರತಿದ್ದೆ. ಮೌನ ಮುಗಿಸಿ ನಾ ಹಚ್ಚಿದಾಗ ಆಕಿ ಎತ್ತಲಿಲ್ಲ. ಒಂದ ಸಾಲು ಬರದು ಕಳಿಸಿದಳು.”

“ಏನಂತ?”

“‘ಈಗ ನನ್ನ ಮೌನ, ಅಪ್ಪಾ’ ಅಂತ.”

ಅವನು ಮತ್ತೆ ಪರದೆಯ ಮೇಲಿನ ಚುಕ್ಕೆಯ ಕಡೆ ನೋಡಿದ.

“ಈ ಚುಕ್ಕಿ ನನಗ ಕಾಣತೈತಿ ಅನ್ನೂದು ಆಕಿಗೆ ಮರತಹೋಗಿರಬೇಕ್ರಿ,” ಎಂದ ಗದಿಗೆಪ್ಪ. “ನೆನಪಿದ್ದರ ಎಂದೋ ಬಂದ್ ಮಾಡತಿದ್ದಳು. ಈ ಖಾತೆ ಮುಚ್ಚಿದೆ ಅಂದ್ರ ಚುಕ್ಕಿ ಹೋಗತೈತಿ. ಮತ್ತ ತೋರಸು ಅಂತ ಯಾವ ಮುಖ ಇಟಗೊಂಡು ಕೇಳಲಿ? ನನಗ ಉಳದದ್ದು ಇದೊಂದ ಅಜ್ಜಾರ.”

ಅಜ್ಜಾರು ಮೊಣಕಾಲು ಹಿಡಿದುಕೊಂಡು ಎದ್ದು ಹೋದರು.

ಮರುದಿನ ಗದಿಗೆಪ್ಪ ಹಲ್ಲುಜ್ಜಲು ಹೊರಗೆ ಬಂದಾಗ ಅಜ್ಜಾರು ಎದುರಿನ ಕಟ್ಟೆಯ ಮೇಲೆ ಕೂತು ಅವನನ್ನೇ ನೋಡುತ್ತಿದ್ದರು.

“ಶರಣ್ರಿ,” ಎಂದ. ಉತ್ತರವಿಲ್ಲ.

ಅವನು ಬಟ್ಟೆ ಒಗೆಯಲು ಹೋದ. ಅಜ್ಜಾರು ಬಂದು ಕಲ್ಲಿನ ಮೇಲೆ ಕೂತು ನೋಡಿದರು. ಅವನು ಊಟಕ್ಕೆ ಕೂತ. ಅಜ್ಜಾರು ಕಂಬಕ್ಕೆ ಒರಗಿ ನೋಡಿದರು. ಒಂದು ಮಾತಿಲ್ಲ. ಮಧ್ಯಾಹ್ನ ಅವನು ಮಲಗಿ ಕಣ್ಣುಬಿಟ್ಟರೆ, ಅಜ್ಜಾರು ಬಾಗಿಲಲ್ಲಿ.

“ಏನ ಬೇಕ್ರಿ ನಿಮಗ?”

ಅಜ್ಜಾರು ನೋಡಿದರು.

“ಏನ ತಪ್ಪ ಮಾಡೀನಿ ಹೇಳ್ರಿ!”

ಅಜ್ಜಾರು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಬರೀ ಪ್ರೀತಿಯಿತ್ತು. ಅದಕ್ಕೇ ತಡೆಯಲು ಆಗುತ್ತಿರಲಿಲ್ಲ.

ಗದಿಗೆಪ್ಪ ಎದ್ದು ಕೂತು ಕೈಮುಗಿದ. “ಹಿಂಗ ಸುಮ್ಮ ನೋಡಕೋತ ಕುಂದರಬ್ಯಾಡ್ರೀ ಅಜ್ಜಾರ! ಮಾತಾಡ್ರಿ! ಒಂದ ಮಾತರ ಆಡ್ರಿ!”

ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿತು.

ಅಜ್ಜಾರು ಬಾಗಿಲಿನಿಂದ ಎದ್ದು ತಮ್ಮ ಕೋಣೆಗೆ ಹೋದರು.

ಆಮೇಲೆ ಗದಿಗೆಪ್ಪ ಕಸ್ತೂರಿಯ ಹತ್ತಿರ ಹೋದ. ಹಳೆಯ ಫೋನು ಅವಳ ಮುಂದಿಟ್ಟು, “ಇದರಾಗ ನನ್ನ ಮಗಳು ಕಾಣತಾಳ. ಆಕಿಗೆ ಗೊತ್ತಿಲ್ಲದ ನೋಡಾಕತ್ತಿದ್ದೆ. ಸಾಕು, ಮುಚ್ಚಿಬಿಡು,” ಎಂದ.

ಕಸ್ತೂರಿ ಫೋನು ತೆಗೆದುಕೊಂಡು ನೋಡಿದಳು.

“ಗೊತ್ತಿಲ್ಲದ ಅಂದ್ರ ಹೆಂಗಣ್ಣಾ? ಈ ಆ್ಯಪ್‌ನವರು ಆಗಾಗ ಆಕಿಗೆ ಹೇಳಿ ಕಳಸತಾರ. ನೀವು ಇರೂ ಜಾಗ ಗದಿಗೆಪ್ಪ ಅನ್ನಾವರಿಗೆ ಕಾಣಾಕತ್ತೈತಿ, ಬ್ಯಾಡಾಗಿದ್ರ ಬಂದ್ ಮಾಡ್ರಿ ಅಂತ. ಪ್ರತಿ ತಿಂಗಳಾ ಹೋಗಿರತೈತಿ.”

ಗದಿಗೆಪ್ಪನಿಗೆ ತಕ್ಷಣ ಅರ್ಥವಾಗಲಿಲ್ಲ.

“ಪ್ರತಿ ತಿಂಗಳಾ?”

“ಹೂಂ. ಪ್ರತಿ ತಿಂಗಳಾ ಓದಿ, ಹಂಗ ಬಿಟ್ಟಾಳ.”

ಆ ಚುಕ್ಕೆ ತಾನು ಕದ್ದದ್ದು ಎಂದುಕೊಂಡಿದ್ದ. ಅದು ಅವಳು ಕೊಡುತ್ತಲೇ ಬಂದದ್ದು.

ಆಮೇಲೆ ಫೋನು ಕಸಿದುಕೊಂಡು ಅಜ್ಜಾರ ಕೋಣೆಗೆ ಓಡಿದ.

“ಮುಚ್ಚೂದಿಲ್ರಿ! ಆಕಿಗೆ ಗೊತ್ತೈತಿ! ನಾ ನೋಡಲಿ ಅಂತನ ಬಿಟ್ಟಾಳ! ಮನ್ಯಾಗ ಬ್ಯಾರೆ ಖೋಲಿ ಮಾಡಿದಂಗ, ಹೊಸ ಫೋನಿನಾಗೂ ಒಂದ ಕಡೆ ಈ ಖಾತೆ ಬ್ಯಾರೆನ ಇಟಗೋಬಹುದೇನಂತ ಕಸ್ತೂರಿನ್ನ ಕೇಳತೀನಿ. ಸಾಯೂ ತನಕಾ ನೋಡತೀನ್ರಿ ಅಜ್ಜಾರ!”

ಅಜ್ಜಾರು ಅವನ ಉಸಿರು ಇಳಿಯುವವರೆಗೆ ಕಾದರು.

“ಎರಡು ವರ್ಷದಿಂದ ಆಕಿ ಬಾಗಲಾ ತೆರಕೊಂಡು ಕುಂತಾಳ,” ಎಂದರು. “ನೀ ಕಿಡಕಿ ಹತ್ತರ ನಿಂತು, ಮನ್ಯಾಗ ದೀಪ ಐತಿ ಅಂತ ಕುಣ್ಯಾಕತ್ತೀ.”

ಗದಿಗೆಪ್ಪನ ಕೈ ಕೆಳಗಿಳಿಯಿತು.

ಅವನು ಮತ್ತೆ ಕಸ್ತೂರಿಯ ಹತ್ತಿರ ಹೋದ. ಈ ಸಲ ಮೆಲ್ಲಗೆ ನಡೆದು ಹೋದ.

“ಖಾತ್ರಿ ಏನಣ್ಣಾ? ಮುಚ್ಚಿದ್ದು ಮತ್ತ ಬರೂದಿಲ್ಲ,” ಎಂದಳು ಅವಳು.

ಕೊನೆಯದಾಗಿ ಒಮ್ಮೆ ಚುಕ್ಕೆಯನ್ನು ನೋಡಬೇಕೆನಿಸಿತು. ಈ ಹೊತ್ತಿಗೆ ದವಾಖಾನೆಯಲ್ಲಿದ್ದಾಳೋ, ದಾರಿಯಲ್ಲಿದ್ದಾಳೋ. ನೋಡಲಿಲ್ಲ. ಒತ್ತಬೇಕಾದ ಗುಂಡಿಯನ್ನು ತಾನೇ ಒತ್ತಿದ. ಕಸ್ತೂರಿ ಸಿಮ್ ತೆಗೆದು ಹೊಸ ಫೋನಿಗೆ ಹಾಕಿದಳು.

ಹೊಸ ಫೋನಿನಲ್ಲಿ ಯಾರ ಹೆಸರೂ ಇರಲಿಲ್ಲ. ಅವನಿಗೆ ಬಾಯಿಪಾಠವಿದ್ದದ್ದು ಒಂದೇ ನಂಬರು.

ಅಜ್ಜಾರ ಎದುರಿಗೇ ಬಂದು ಕೂತು ಅದನ್ನು ಒತ್ತಿದ. ಬಹಳ ಹೊತ್ತು ರಿಂಗಾಯಿತು. ಇನ್ನು ಎತ್ತುವುದಿಲ್ಲ ಎಂದು ಕಿವಿಯಿಂದ ತೆಗೆಯುವಷ್ಟರಲ್ಲಿ ಆ ಕಡೆ ಉಸಿರು ಕೇಳಿಸಿತು. ಹಿಂದೆ ಎಲ್ಲೋ ಒಂದು ಕರು ಕೂಗುತ್ತಿತ್ತು.

“ಶಾಲೂ,” ಎಂದ. ಆಮೇಲೆ ಹೆದರಿಕೆಗೆ ಏನೇನೋ ಹೇಳತೊಡಗಿದ. “ಏನಿಲ್ಲವಾ, ಫೋನ್ ಬದಲಿ ಮಾಡಿದೆ. ಇದು ಬ್ಯಾರೆ ಸಿಸ್ಟಮ್ ಇರತೈತಿ, ಕೇಳದ ಯಾರಿಗೂ ಏನೂ ತೋರಸೂದಿಲ್ಲ, ಅದಕ್ಕ ಆ ಹಳೇ ಖಾತೆ ಮುಚ್ಚಬೇಕಾತು, ಅದರಾಗ ನೀ ನನಗ ಕಾಣತಿದ್ದಿ, ಇನ್ನ ಕಾಣೂದಿಲ್ಲ, ನಾ ನೋಡೂದು ಬಿಟ್ಟೆ ಅಂತ ನೀ ತಿಳಕೋಬಾರದು, ಅದಕ್ಕ ಹೇಳೂನು ಅಂತ…”

ಆ ಕಡೆ ಕರು ಸುಮ್ಮನಾಯಿತು.

“ಎಲ್ಲಿದ್ದೀ ಅಪ್ಪಾ?” ಎಂದಳು ಶಾಲ್ಮಲಾ.

ಗದಿಗೆಪ್ಪ ಫೋನನ್ನು ಎದೆಗೆ ಒತ್ತಿಕೊಂಡು ಅಜ್ಜಾರ ಕಡೆ ನೋಡಿದ.

“ಎಲ್ಲಿದೀನಿ ಅಂತ ಕೇಳಾಕತ್ತಾಳ್ರಿ. ಏನ ಹೇಳಲಿ?”

ಅಜ್ಜಾರು ಎದ್ದು, ಅವನನ್ನು ಒಬ್ಬನನ್ನೇ ಬಿಟ್ಟು ಹೊರಗೆ ಹೊರಟರು. ಹೊಸ್ತಿಲಲ್ಲಿ ತಿರುಗಿದರು.

“ಆಶ್ರಮದಾಗ ಅದೀನಿ ಅಂತ ಮಾತ್ರ ಹೇಳಬ್ಯಾಡ.”

ಅಜ್ಜಾರು ಹೀಗೇಕೆ ಹೇಳಿದರು ಎನ್ನುವುದನ್ನು ಬಿಡಿಸಿ ಹೇಳದಿದ್ದರೆ ಕಥೆ ಅರ್ಧವಾಗುತ್ತದೆ. ಗದಿಗೆಪ್ಪ ಕೂತಿದ್ದದ್ದು ಆಶ್ರಮದಲ್ಲೇ, ಅದು ನಿಜ. ಆದರೆ ಅವನ ಜೀವ ಇದ್ದದ್ದು ಬೀದರದ ಆ ಚುಕ್ಕೆಯ ಹತ್ತಿರ. ಒಬ್ಬ ಮನುಷ್ಯ ಎಲ್ಲಿದ್ದಾನೆ ಎಂದು ಕೇಳಿದಾಗ, ಅದರಲ್ಲೂ ಕೇಳುತ್ತಿರುವವಳು ಅವನ— ಒಂದು ನಿಮಿಷ, ಒಳಗಿನಿಂದ ನನ್ನ ಮಗಳು ಕರೆಯುತ್ತಿದ್ದಾಳೆ.