ಬಾವಿಗೆ ಬಿದ್ದ ಹೊನ್ನಿಯ ಕುಂಬಳಕಾಯಿ

ಒಂದು ಹಿತ್ತಲು. ಹಿತ್ತಲಲ್ಲಿ ಬಾವಿ. ಬಾವಿಯ ಮೇಲೆ ಚಪ್ಪರ. ಚಪ್ಪರದ ತುಂಬ ಹೊನ್ನಿ ಬೆಳೆಸಿದ ಕುಂಬಳದ ಬಳ್ಳಿ. ಬಳ್ಳಿಗೆ ಒಂದೇ ಒಂದು ಕಾಯಿ.

ಬೆರಳು ಚಾಚಿ ತೋರಿಸಿದರೆ ಎಳೆಗಾಯಿ ಕೊಳೆಯುತ್ತದಂತೆ. ಅದಕ್ಕೇ ಹೊನ್ನಿ ಬೆರಳು ಮಡಿಸಿ ತೋರಿಸುತ್ತಿದ್ದಳು.

"ಅದು ಬಲಿಯಲಿ. ಕಣ್ಣು ಕೊರೆಯುತ್ತೇನೆ. ಬಾಯಿ ಕೊರೆಯುತ್ತೇನೆ. ಒಳಗೆ ದೀಪ ಇಡುತ್ತೇನೆ."

ಕಾಯಿ ಬಲಿಯಿತು. ಭಾರವಾಯಿತು. ಅದಕ್ಕೊಂದು ಹಗ್ಗದ ಜೋಲಿ ಕಟ್ಟಬೇಕಿತ್ತು. ಹೊನ್ನಿ ಮರೆತಳು. ತೊಟ್ಟು ಮುರಿಯಿತು. ಕಾಯಿ ಬಾವಿಗೆ ಬಿತ್ತು, ದುಡುಂ.

ಹೊನ್ನಿ ಕಟ್ಟೆ ಹಿಡಿದು ಇಣುಕಿದಳು. ಕಾಯಿ ತೇಲುತ್ತಿತ್ತು. ನೀರಲ್ಲೇ ಇದ್ದರೆ ಕೊಳೆತುಹೋಗುತ್ತದೆ.

ಅವಳು ಬುಟ್ಟಿ ಹೆಣೆಯುವ ತಮ್ಮಯ್ಯನ ಬಳಿಗೆ ಹೋದಳು.

"ತಮ್ಮಯ್ಯ ಮಾಮ, ಬುಟ್ಟಿ ಕೊಡು. ಬುಟ್ಟಿ ಇಳಿದರೆ ಕುಂಬಳಕಾಯಿ."

"ಬಿದಿರು ಸೀಳದೆ ಬುಟ್ಟಿಯೆಲ್ಲಿ ಮಗಳೇ? ನನ್ನ ಕತ್ತಿ ಮೊಂಡಾಗಿದೆ. ಹರಿತ ಮಾಡಿಸಿ ತಾ."

ಅವಳು ಕಮ್ಮಾರ ಈರಾಚಾರಿಯ ಬಳಿಗೆ ಹೋದಳು.

"ಈರಾಚಾರಿ ಮಾಮ, ಕತ್ತಿ ಹರಿತ ಮಾಡು. ಕತ್ತಿ ಹರಿತವಾದರೆ ಬುಟ್ಟಿ, ಬುಟ್ಟಿ ಇಳಿದರೆ ಕುಂಬಳಕಾಯಿ."

"ಕುಲುಮೆ ಆರಿದೆ ತಾಯಿ. ಕತ್ತಿಯನ್ನು ಉಸಿರಲ್ಲಿ ಕಾಯಿಸಲೇನು? ತೆಂಗಿನ ಕರಟ ತಾ."

ಅವಳು ಪಕ್ಕದ ಮನೆಯ ಕೆಂಚಜ್ಜಿಯ ಬಳಿಗೆ ಹೋದಳು.

"ಅಜ್ಜಿ, ಕರಟ ಕೊಡು. ಕರಟ ಸಿಕ್ಕರೆ ಕುಲುಮೆ, ಕುಲುಮೆ ಉರಿದರೆ ಕತ್ತಿ, ಕತ್ತಿ ಹರಿತವಾದರೆ ಬುಟ್ಟಿ, ಬುಟ್ಟಿ ಇಳಿದರೆ ಕುಂಬಳಕಾಯಿ."

"ಕರಟಕ್ಕೇನು, ರಾಶಿ ಬಿದ್ದಿದೆ. ನನ್ನ ಎಮ್ಮೆ ಕೆಸರಲ್ಲಿ ಮಲಗಿಬಿಟ್ಟಿದೆ. ಕರೆದರೆ ಕಿವಿಯನ್ನೂ ಆಡಿಸುವುದಿಲ್ಲ ಮಹಾರಾಣಿ. ಎಬ್ಬಿಸಿ ತಾ."

ಅವಳು ಎಮ್ಮೆಯ ಬಳಿಗೆ ಹೋದಳು.

"ಎಮ್ಮಕ್ಕ, ಮನೆಗೆ ನಡೆ. ನೀನು ಎದ್ದರೆ ಕರಟ, ಕರಟ ಸಿಕ್ಕರೆ ಕುಲುಮೆ, ಕುಲುಮೆ ಉರಿದರೆ ಕತ್ತಿ, ಕತ್ತಿ ಹರಿತವಾದರೆ ಬುಟ್ಟಿ, ಬುಟ್ಟಿ ಇಳಿದರೆ ಕುಂಬಳಕಾಯಿ."

ಎಮ್ಮೆ ಒಂದೇ ಕಣ್ಣು ತೆರೆಯಿತು.

"ಬರಿಹೊಟ್ಟೆಯಲ್ಲಿ ಯಾರು ಏಳುತ್ತಾರೆ? ಹಸಿರು ಎಲೆ ತಾ."

ಅವಳು ತನ್ನ ಬಳ್ಳಿಯ ಬಳಿಗೆ ಬಂದಳು.

"ಬಳ್ಳಿಯೇ, ಎಲೆ ಕೊಡು. ಎಲೆ ತಿಂದರೆ ಎಮ್ಮೆ, ಎಮ್ಮೆ ಎದ್ದರೆ ಕರಟ, ಕರಟ ಸಿಕ್ಕರೆ ಕುಲುಮೆ, ಕುಲುಮೆ ಉರಿದರೆ ಕತ್ತಿ, ಕತ್ತಿ ಹರಿತವಾದರೆ ಬುಟ್ಟಿ, ಬುಟ್ಟಿ ಇಳಿದರೆ ಕುಂಬಳಕಾಯಿ. ನಿನಗೇನು ಬೇಕು ಹೇಳು."

ಬಳ್ಳಿ ಬಾವಿಯ ಕಡೆಗೆ ಬಾಗಿತು.

"ನನಗೇನು ಬೇಕು? ಬಿದ್ದದ್ದು ನನ್ನ ಕೂಸಲ್ಲವೇ? ಕುಡಿ ಮಾತ್ರ ಚಿವುಟಬೇಡ. ಬುಡದ ಎಲೆ ಕಿತ್ತುಕೋ."

ಬಳ್ಳಿ ಎಲೆ ಕೊಟ್ಟಿತು. ಎಲೆ ತಿಂದು ಎಮ್ಮೆ ಎದ್ದಿತು. ಎಮ್ಮೆ ಎದ್ದಿತು, ಅಜ್ಜಿ ಕರಟ ಕೊಟ್ಟಳು. ಕರಟ ಸಿಕ್ಕಿತು, ಕುಲುಮೆ ಉರಿಯಿತು. ಕುಲುಮೆ ಉರಿಯಿತು, ಕತ್ತಿ ಹರಿತವಾಯಿತು. ಕತ್ತಿ ಬಿದಿರು ಸೀಳಿತು, ಬಿದಿರು ಬುಟ್ಟಿಯಾಯಿತು. ತಮ್ಮಯ್ಯ ಬುಟ್ಟಿ ಇಳಿಸಿದ. ಬುಟ್ಟಿಯಲ್ಲಿ ಕೂತು ಕುಂಬಳಕಾಯಿ ಮೇಲೆ ಬಂತು, ನೀರು ತೊಟ್ಟಿಕ್ಕುತ್ತ.

ಹೊನ್ನಿ ಇದ್ದಿಲಿನಿಂದ ಗೆರೆ ಎಳೆದಳು. ಗೆರೆಯ ಮೇಲೆ ತಮ್ಮಯ್ಯ ಕೊರೆದ. ತಿರುಳು ಪಲ್ಯಕ್ಕೆ ಹೋಯಿತು. ಮುಸ್ಸಂಜೆಗೆ ಒಳಗೆ ದೀಪ ಕೂತಿತು.

ಅಜ್ಜಿ ಹತ್ತಿರ ಬಂದು ನೋಡಿದಳು.

"ಇದೇನೇ, ಇಷ್ಟಗಲ ಬಾಯಿಗೆ ಒಂದೇ ಹಲ್ಲು?"

"ನಿನಗೆ ಎಷ್ಟಿದೆಯೋ ಅಷ್ಟೇ, ಅಜ್ಜಿ."

ಅಜ್ಜಿಗೆ ನಗು ತಡೆಯಲಾಗಲಿಲ್ಲ. ಕುಂಬಳಕಾಯಿಯ ಹಲ್ಲೊಂದು, ಅಜ್ಜಿಯ ಹಲ್ಲೊಂದು, ದೀಪದ ಬೆಳಕಿನಲ್ಲಿ ಎದುರುಬದುರು ಕೂತು ನಕ್ಕವು.