ಬೊಪ್ಪನಾಯಕನ ಪಲ್ಲಕ್ಕಿಗೆ ಬೇಕಾದ ಹ್ಞೂ

ಬೊಪ್ಪನಾಯಕ ಒಂದು ಮಾತು ಆಗಾಗ ಹೇಳುತ್ತಿದ್ದ. "ನಾನು ಯಾರಿಗೂ ಬಗ್ಗಿದವನಲ್ಲ. ಮುದ್ರೆ ಒತ್ತಿದ ಮೇಲೆ ತಪ್ಪಿದವನೂ ಅಲ್ಲ."

ಬಗ್ಗುವುದು ಅವನಿಗೆ ಆಗುತ್ತಲೂ ಇರಲಿಲ್ಲ. ಹೊಟ್ಟೆ ಅಷ್ಟು ದೊಡ್ಡದು. ಕುದುರೆ ಹತ್ತುವುದು ಬಿಟ್ಟು ಹತ್ತು ವರ್ಷವಾಗಿತ್ತು. ಎಲ್ಲಿಗೆ ಹೋದರೂ ಪಲ್ಲಕ್ಕಿ. ಹೊರಲು ಎಂಟು ಜನ ಬೋಯಿಗಳು. ಮುಂದೆ ನಾಲ್ವರು, ಹಿಂದೆ ನಾಲ್ವರು.

ಹಿಂದಿನವರಿಗೆ ದಾರಿ ಕಾಣದು. ಪಲ್ಲಕ್ಕಿಯ ಬೆನ್ನು ಮಾತ್ರ ಕಾಣುತ್ತದೆ. ಅದಕ್ಕೇ ಮುಂದಿನವರು ಕೂಗಬೇಕು. "ಎಡಕ್ಕೆ ಕಲ್ಲು." ಹಿಂದಿನವರು "ಹ್ಞೂ" ಅನ್ನಬೇಕು. "ಬಲಕ್ಕೆ ಗುಂಡಿ." "ಹ್ಞೂ." ಅವರ ಅಜ್ಜಂದಿರ ಕಾಲದಿಂದ ಹಾಗೇ.

ನಾಯಕನಿಗೆ ಪಲ್ಲಕ್ಕಿಯಲ್ಲೇ ನಿದ್ದೆ. ಒಂದು ದಿನ ಈ ಕೂಗಿಗೆ ಎಚ್ಚರವಾಯಿತು. ಕನಸಿನಲ್ಲಿ ಹೋಳಿಗೆ ಬಡಿಸಿದ್ದರಂತೆ. ತುಪ್ಪ ಇನ್ನೂ ಬಂದಿರಲಿಲ್ಲವಂತೆ. ಇನ್ನು ಮೇಲೆ ಬೋಯಿಗಳು ಬಾಯಿ ಬಿಡಕೂಡದು ಎಂದು ಅಪ್ಪಣೆ ಮಾಡಿದ.

ಎರಡನೇ ದಿನವೇ ಹಿಂದಿನ ಸಾಲಿನ ಕೆಂಚ ಗುಂಡಿಯಲ್ಲಿ ಕಾಲಿಟ್ಟ. ಕಣಕಾಲು ಮುರಿಯಿತು. ಉಳಿದವರು ಹೇಗೋ ಪಲ್ಲಕ್ಕಿ ತಂದು ಅರಮನೆ ಬಾಗಿಲಲ್ಲಿ ಇಳಿಸಿದರು. ಮತ್ತೆ ಎತ್ತಲಿಲ್ಲ. ಅವರ ಹಿರಿಯ ಹೊನ್ನಯ್ಯ ಒಳಗೆ ಬಂದು, ಕೂಗು ಇಲ್ಲದೆ ಹೆಗಲು ಕೊಡುವುದಿಲ್ಲ ಎಂದ. ಕೈ ಮುಗಿದಿತ್ತು, ದನಿ ಬಗ್ಗಿರಲಿಲ್ಲ.

ಮರುದಿನ ನಾಯಕನ ತಂಗಿಯ ಮಗುವಿಗೆ ನಾಮಕರಣ. ಎರಡು ಹರಿದಾರಿ ದೂರ. ನಡೆಯುವ ಮೈಯಲ್ಲ.

ಆಸ್ಥಾನದಲ್ಲಿ ತಿಪ್ಪರಸ ಎಂಬುವನಿದ್ದ. ಒಂಟಿ ಮನುಷ್ಯ, ತಲೆ ಚುರುಕು. ನಾಯಕ ಅವನನ್ನು ಕರೆಸಿದ.

"ನಾನು ಕೂದಲೆಳೆಯಷ್ಟೂ ಬಗ್ಗೋದಿಲ್ಲ. ಅವರೂ ಬಗ್ಗೋದಿಲ್ವಂತೆ. ಸಂಜೆಯೊಳಗೆ ರಾಜಿ ಮಾಡಿಸು. ಆಗದಿದ್ರೆ ಆ ಎಂಟು ಮನೆಯೂ ಊರು ಬಿಡಬೇಕು. ಜೊತೆಗೆ ನೀನೂ."

"ಊಟ ಮಾಡಿಕೊಂಡು ಬಿಡಬಹುದೋ, ಪ್ರಭು?" ಎಂದ ತಿಪ್ಪರಸ.

ಬೋಯಿಗಳ ಕೇರಿಯಲ್ಲಿ ಹೆಂಗಸರು ಆಗಲೇ ಪಾತ್ರೆ ಕಟ್ಟುತ್ತಿದ್ದರು. ಕೆಂಚ ಜಗಲಿಯಲ್ಲಿ ಕಾಲು ಚಾಚಿ ಮಲಗಿದ್ದ. ತಿಪ್ಪರಸ ಕರಾರು ಬರೆದು ಓದಿ ಹೇಳಿದ. ಹೊನ್ನಯ್ಯನ ಮುಖ ಸಣ್ಣದಾಯಿತು.

"ನಾವೇ ಬಾಯಿ ಮುಚ್ಕೋಬೇಕಾ, ಬುದ್ಧಿ?"

"ಒಂದು ದಿನ. ಏನೇ ಆಗಲಿ, ಹ್ಞೂ ಅನ್ನಬೇಡಿ."

ಸಂಜೆಗೆ ಕರಾರು ನಾಯಕನ ಕೈಗೆ ಬಂತು. ಮೂರೇ ಸಾಲು. ಬೋಯಿಗಳು ಬಾಯಿ ಬಿಡಕೂಡದು. ದಾರಿಯನ್ನು ಪಲ್ಲಕ್ಕಿಯಲ್ಲಿ ಕೂತವರು ಕೂಗಬೇಕು. ಈ ಕರಾರನ್ನು ಯಾರು ಮೊದಲು ಮುರಿಯುತ್ತಾರೋ ಅವರು ಎದುರಿನವರ ಮಾತಿಗೆ ಒಪ್ಪಬೇಕು.

ಎರಡನೇ ಸಾಲಿಗೆ ನಾಯಕ ನಕ್ಕ. ಅದೇನು ಮಹಾ, ಎರಡು ಕಲ್ಲು ಕೂಗಿ ಮಲಗುತ್ತೇನೆ ಎಂದ. ಮುದ್ರೆ ಒತ್ತಿದ.

ಬೆಳಿಗ್ಗೆ ಕೆಂಚನ ಜಾಗಕ್ಕೆ ಅವನ ಭಾವ ಹೆಗಲು ಕೊಟ್ಟ. ಪಲ್ಲಕ್ಕಿ ಎದ್ದಿತು. ತಿಪ್ಪರಸ ಪಕ್ಕದಲ್ಲಿ ನಡೆದ.

"ಎಡಕ್ಕೆ ಕಲ್ಲು" ಎಂದ ನಾಯಕ. ಯಾರೂ ಉಸಿರೆತ್ತಲಿಲ್ಲ. "ಕಲ್ಲು ಅಂದೆ." ಸುಮ್ಮನೆ. ಕೇಳಿಸಿತೋ ಇಲ್ಲವೋ ಗೊತ್ತಾಗುವುದು ಹೇಗೆ? ನಾಯಕ ಎದ್ದು ಕೂತ. ಒಂದೊಂದನ್ನೂ ಮೂರು ಮೂರು ಸಲ ಕೂಗಿದ.

ಸಂತೆಬೀದಿ ಬಂತು. "ಬಲಕ್ಕೆ ಸಗಣಿ. ಸಗಣಿ ಕಣ್ರಯ್ಯಾ. ಸಗಣಿ." ಜನ ಅಂಗಡಿ ಬಿಟ್ಟು ಬಂದರು. ಒಬ್ಬಳು ಮುದುಕಿ ಮೊರ ಹಿಡಿದು ಓಡಿ ಬಂದು, ನಾಯಕರು ಏನು ಮಾರ್ತಿದ್ದಾರೆ ಎಂದು ಕೇಳಿದಳು. ಮೊದಲು ಕಲ್ಲು ಮಾರ್ತಿದ್ರು, ಈಗ ಸಗಣಿ ಎಂದಳು ಇನ್ನೊಬ್ಬಳು. ಮುದುಕಿ ಮೊರ ತಿರುಗಿಸಿಕೊಂಡು ಹೋದಳು.

"ಮುಂದೆ ಎಮ್ಮೆ. ಎಮ್ಮೆ ಬಂತು. ಕೇಳಿಸ್ತೇನ್ರೋ?"

ಎಮ್ಮೆ ಒಂದೇ ಹ್ಞಾಂ ಅಂದಿತು.

ಊರಾಚೆ ಕಾಲುವೆ. ಮೇಲೆ ಮರದ ಸೇತುವೆ, ಪಾಚಿ ಹಿಡಿದದ್ದು. ಅಷ್ಟರಲ್ಲಿ ನಾಯಕನ ಗಂಟಲು ಕಟ್ಟಿತ್ತು. ಕೆಳಗೆ ನೀರು ನೋಡಿದ. "ಸೇತುವೆ. ಬಲಕ್ಕೆ ಜಾರಿಕೆ. ಎಡಕ್ಕೆ ಹಲಗೆ ಇಲ್ಲ. ಕೇಳಿಸ್ತೋ? ಹ್ಞೂ ಅನ್ರೋ."

ಎಂಟು ಬಾಯಿ ಬಿಗಿದೇ ಇದ್ದವು. ಹೊನ್ನಯ್ಯ ಒಂದು ಕಾಲು ಹಲಗೆ ಮೇಲಿಟ್ಟ. ಪಲ್ಲಕ್ಕಿ ಓಲಾಡಿತು.

"ನಿಲ್ಲಿ. ನಿಮ್ಮ ದಮ್ಮಯ್ಯ, ಬಾಯಿ ಬಿಡ್ರಪ್ಪಾ. ನೀವೇ ಕೂಗಿ, ನೀವೇ ಹ್ಞೂ ಅನ್ನಿ. ನನಗೆ ಈ ಕರಾರು ಬೇಡ."

ತಿಪ್ಪರಸ ಇಳಿಸಲು ಸನ್ನೆ ಮಾಡಿದ. "ಮೂರನೇ ಸಾಲು, ಪ್ರಭು. ನೀವು ಬಗ್ಗಲಿಲ್ಲ. ಬರೀ ಬೇಡ ಅಂದಿರಿ."

ನಾಯಕ ಅವನನ್ನು ನೋಡಿದ. ಬೋಯಿಗಳನ್ನು ನೋಡಿದ. ಸಂತೆಯ ಮುದುಕಿ ನೆನಪಾದಳು ಅಂತ ಕಾಣುತ್ತದೆ. ನಗು ಶುರುವಾಯಿತು. ಹೊಟ್ಟೆ ಕುಣಿದು ಪಲ್ಲಕ್ಕಿಯ ಗೆಜ್ಜೆಗಳೆಲ್ಲ ಗಲಗಲ ಅಂದವು. ಇನ್ನು ಮೇಲೆ ಕೂಗು ನಿಮ್ಮದೇ ಎಂದ. ಯಾರೂ ಊರು ಬಿಡಬೇಕಾಗಿಲ್ಲ ಎಂದ. ತಿಪ್ಪರಸನಿಗೆ ಏನು ಬೇಕೋ ಕೇಳು ಎಂದ. ಕೆಂಚನ ಕಾಲು ಕೂಡುವ ತನಕ ಅವನ ಮನೆಗೆ ಅರಮನೆಯ ರಾಗಿ ಹೋಗಲಿ ಎಂದ ತಿಪ್ಪರಸ. ಆಯಿತು.

"ಒಂದು ಹೇಳು" ಎಂದ ನಾಯಕ. "ಹ್ಞೂ ಅನ್ನೋರಿಲ್ಲದಿದ್ರೆ ನಾನು ಸೋಲ್ತೀನಿ ಅಂತ ನಿನಗೆ ಹೇಗೆ ಗೊತ್ತಾಯ್ತು?"

"ನನ್ನ ಹೆಂಡತಿ ತೀರಿಹೋಗಿ ಎಂಟು ತಿಂಗಳಾಯ್ತು, ಪ್ರಭು. ಈಗಲೂ ಬಾಗಿಲು ತೆಗೆದ ಕೂಡಲೇ ಬಂದೆ ಕಣೇ ಅಂತೀನಿ."

ನಾಯಕ ಪಕ್ಕಕ್ಕೆ ಸರಿದು ಜಾಗ ಮಾಡಿದ. "ಹತ್ತು. ದಾರಿಯುದ್ದಕ್ಕೂ ಮಾತಾಡು. ಹ್ಞೂ ಅನ್ನೋದಕ್ಕೆ ನಾನಿದ್ದೀನಿ."

ತಿಪ್ಪರಸ ಹತ್ತಿದ. ಪಲ್ಲಕ್ಕಿ ಸೇತುವೆ ದಾಟಿತು. "ಎಡಕ್ಕೆ ಹಲಗೆ ಇಲ್ಲ." "ಹ್ಞೂ." "ಬಲಕ್ಕೆ ಜಾರಿಕೆ." "ಹ್ಞೂ." ಆಚೆ ದಡ ಸೇರುವಷ್ಟರಲ್ಲಿ ನಾಯಕ ಗೊರಕೆ ಹೊಡೆಯುತ್ತಿದ್ದ.

"ನೋಡಿದ್ರಾ, ಮಲಗೇಬಿಟ್ರು" ಎಂದ ತಿಪ್ಪರಸ, ತನ್ನಷ್ಟಕ್ಕೆ.

ಹಿಂದಿನಿಂದ ನಾಲ್ವರೂ ಒಟ್ಟಿಗೆ ಅಂದರು, "ಹ್ಞೂ."